‘ತಮಸ್’ನ ನಾಥು ನಮ್ಮವನು

ಗೋವಿಂದ ನಿಹಲಾನಿ ಅವರ ‘ತಮಸ್’ ದೂರದರ್ಶನದಲ್ಲಿ ಬಂದಿದ್ದು 1988ರಲ್ಲಿ. ವಿಭಜನೆ ಕಾಲದ ಪಂಜಾಬಿನ ಹಿಂದೂ, ಮುಸ್ಲಿಂ, ಸಿಖ್ಖರ ಕಥೆ ಅಂತಲೇ ಎಲ್ಲರೂ ಅದನ್ನ ನೆನೆಯೋದು. ಇಷ್ಟು ವರ್ಷದ ಮೇಲೆ ಮತ್ತೆ ನೋಡಿದೆ. ನನಗೆ ಕಂಡಿದ್ದು ಜಾತಿಯ ಕಥೆ.

ಶುರುವಾಗೋದೇ ಚಮಾರ್ ಜಾತಿಯ ನಾಥುವಿನಿಂದ. ಆ ಪಾತ್ರ ಮಾಡಿರೋದು ಓಂ ಪುರಿ. ಪಶುವೈದ್ಯರಿಗೆ ಬೇಕು, ಒಂದು ಹಂದಿ ಕೊಂದುಕೊಡು ಅಂತ ಅವನಿಗೆ ಅಪ್ಪಣೆಯಾಗುತ್ತೆ. ನಾಥು ಚರ್ಮದ ಕೆಲಸದವನು, ಹಂದಿ ಕೊಂದು ಗೊತ್ತಿಲ್ಲ. ಹೇಳಿದರೂ ಕೇಳೋರ್ಯಾರು? ಐದು ರೂಪಾಯಿ ಕೈಗೆ ಬೀಳುತ್ತೆ. ರಾತ್ರಿಯಿಡೀ ಒದ್ದಾಡಿ ಕೊಲ್ತಾನೆ. ಅದೇ ಹಂದಿ ಮಸೀದಿ ಮೆಟ್ಟಿಲ ಮೇಲೆ ಬೀಳುತ್ತೆ, ಊರು ಹೊತ್ತಿಕೊಳ್ಳುತ್ತೆ.

ಧಾರಾವಾಹಿ ನಿಲ್ಲಿಸಿ ಅಂತ ಕೆಲವರು ಕೋರ್ಟಿಗೂ ಹೋದ್ರು. ಬಾಂಬೆ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಅದನ್ನ ನೋಡಿಯೇ ಪ್ರಸಾರಕ್ಕೆ ಅನುಮತಿ ಕೊಟ್ಟರು. ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ತಡೆಯಲು ಒಪ್ಪಲಿಲ್ಲ. ಧರ್ಮಗಳ ನಡುವೆ ದ್ವೇಷ ಹೆಚ್ಚುತ್ತಾ ಅನ್ನೋದು ಅಲ್ಲಿದ್ದ ಪ್ರಶ್ನೆ. ನಮ್ಮ ಪ್ರಶ್ನೆ ಬೇರೆ: ಆ ಕೆಲಸಕ್ಕೆ ನಾಥುನೇ ಯಾಕೆ ಬೇಕಾದ?

ಸತ್ತದ್ದನ್ನ ಮುಟ್ಟೋ ಕೆಲಸ ಹುಟ್ಟಿನಿಂದಲೇ ಅವನ ತಲೆಗೆ ಕಟ್ಟಿದ್ದರು. ‘ಆಗಲ್ಲ’ ಅನ್ನೋ ಬಲ ಅವನಿಗೆ ಇರಲಿಲ್ಲ. ಗಲಭೆಗೆ ಬೇಕಾದ ಕೈಯನ್ನ ಜಾತಿ ಮೊದಲೇ ತಯಾರು ಮಾಡಿಟ್ಟಿತ್ತು.

ಇದು ಬರೀ ಕಥೆ ಅಲ್ಲ. 1947ರ ಡಿಸೆಂಬರ್‌ನಲ್ಲಿ ಬಾಬಾಸಾಹೇಬರು ನೆಹರೂ ಅವರಿಗೆ ಪತ್ರ ಬರೆದರು. ಪಾಕಿಸ್ತಾನದಲ್ಲಿ ಉಳಿದ ಪರಿಶಿಷ್ಟ ಜಾತಿಯವರನ್ನ ಭಾರತಕ್ಕೆ ಹೊರಡಲು ಬಿಡ್ತಿಲ್ಲ ಅನ್ನೋದು ಅವರ ದೂರು. ಯಾಕೆ ಬಿಡ್ತಿರಲಿಲ್ಲ? ಬೀದಿ ಗುಡಿಸೋಕೆ, ಹೊಲಸು ಬಳಿಯೋಕೆ ಆ ಜನ ಬೇಕಿತ್ತು. ಗಡಿ ಬದಲಾಯ್ತು, ಪೊರಕೆ ಹಿಡಿದ ಕೈ ಬದಲಾಗಲಿಲ್ಲ.

ಭೀಷ್ಮ ಸಾಹನಿ ಅವರ ಮೂಲ ಕಾದಂಬರಿಯಲ್ಲಿ ನಾಥು ನಡುವೆ ಎಲ್ಲೋ ಮರೆಯಾಗ್ತಾನೆ. ನಿಹಲಾನಿ ಅವನನ್ನ ಬಿಡಲಿಲ್ಲ. ಬಸುರಿ ಹೆಂಡತಿ ಕರ್ಮೋ ಜೊತೆ ಅವನು ಊರು ಬಿಡೋದನ್ನ, ಒಳಗೊಳಗೇ ಬೇಯೋದನ್ನ ತೋರಿಸಿದರು. ಅದಕ್ಕೆ ಅವರಿಗೆ ನಾವು ಋಣಿ. ಆದರೆ ಲೆಕ್ಕ ನೋಡಿ: ಪಾಪಪ್ರಜ್ಞೆ ನಾಥುವಿಗೆ, ಸಾವೂ ನಾಥುವಿಗೆ. ಹಂದಿ ಕೊಲ್ಲಿಸಿದವನು ಮಾತ್ರ ಕಾದಂಬರಿಯ ಕೊನೆಯಲ್ಲಿ ಶಾಂತಿ ಸಮಿತಿಯ ಬಸ್ಸಿನಲ್ಲಿ ಕೂತು ಘೋಷಣೆ ಕೂಗ್ತಿರ್ತಾನೆ!

ಕೇರಿಯ ತಮ್ಮಂದಿರೇ, ಇವತ್ತು ಐದು ರೂಪಾಯಿ ಬದಲು ಶಾಲು, ಬಾವುಟ, ಬೈಕಿಗೆ ಪೆಟ್ರೋಲ್ ಕೊಡ್ತಾರೆ. ತಗೊಳ್ಳೋ ಮುಂಚೆ ಒಂದೇ ಮಾತು ಕೇಳಿ: ‘ಅಣ್ಣ, ಇದನ್ನ ನಿನ್ನ ಮಗನ ಕೈಗೆ ಯಾಕೆ ಕೊಡಲಿಲ್ಲ?’

ಜೈ ಭೀಮ್.