ಮಗ್ಗಿ, ವೀಸ, ಕಾಣಿ: ಹಡಗಲಿ ಸೀಮೆಯ ಬಾಯಿಲೆಕ್ಕದ ಪರಂಪರೆ

ಬಾಯಿಂದ ಬಾಯಿಗೆ ಹರಿದುಬಂದ ಅರಿವೆಲ್ಲ ಜಾನಪದದ ವ್ಯಾಪ್ತಿಗೆ ಸೇರುವುದಾದರೆ ಮಗ್ಗಿಯೂ ಅದಕ್ಕೆ ಸೇರಬೇಕು. ಆದರೆ ಹಾಡು, ಕಥೆ, ಒಗಟುಗಳ ಸಂಗ್ರಹಕ್ಕೆ ದೊರೆತ ಆದ್ಯತೆ ಬಾಯಿಲೆಕ್ಕಕ್ಕೆ ದೊರೆತಿಲ್ಲ. ಒಂದು ಸಂಖ್ಯೆಯ ಅಪವರ್ತ್ಯಗಳನ್ನು ಹೇಳುವುದು, ಅಪವರ್ತನಗಳನ್ನು ಹುಡುಕುವುದು, ಅದು ಅವಿಭಾಜ್ಯವೇ ಎಂದು ಪರೀಕ್ಷಿಸುವುದು ಇಂದು ಪಠ್ಯಪುಸ್ತಕದ ಪಾಠಗಳು. ಇವುಗಳಿಗೆ ಆಧಾರವಾದ ತಿಳಿವಳಿಕೆ ಹೂವಿನಹಡಗಲಿ ಸೀಮೆಯ ಊರ ಶಾಲೆಗಳಲ್ಲಿ ಯಾವ ರೂಪದಲ್ಲಿತ್ತು ಎಂಬುದು ಇಲ್ಲಿನ ವಿವೇಚನೆಯ ವಿಷಯ.

2021ರಿಂದ ವಿಜಯನಗರ ಜಿಲ್ಲೆಗೆ ಸೇರಿರುವ ಈ ಸೀಮೆಯು 1800ರಲ್ಲಿ ನಿಜಾಮನು ಬಿಟ್ಟುಕೊಟ್ಟ ದತ್ತಮಂಡಲಗಳೊಂದಿಗೆ ಕಂಪನಿಯ ಆಡಳಿತಕ್ಕೆ ಬಂದು, ಮುಂದೆ ಬಳ್ಳಾರಿ ಜಿಲ್ಲೆಯ ಭಾಗವಾಯಿತು. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ದೇಶೀ ಶಿಕ್ಷಣದ ವಿವರಗಳನ್ನು ಕೇಳಿದಾಗ, ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ 1823ರ ಆಗಸ್ಟಿನಲ್ಲಿ ವರದಿ ಸಲ್ಲಿಸಿದನು. ಅದರಂತೆ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರು. 235 ಶಾಲೆಗಳು ಕನ್ನಡದವು, 226 ತೆಲುಗಿನವು. ಲೆಕ್ಕದ ಪಾಠದ ಬಗ್ಗೆ ಅವನು ದಾಖಲಿಸಿರುವ ಎರಡು ಸಂಗತಿಗಳು ಗಮನಾರ್ಹ. ಭಿನ್ನರಾಶಿಗಳು ಹತ್ತರ ಕ್ರಮದಲ್ಲಲ್ಲದೆ ನಾಲ್ಕರ ಕ್ರಮದಲ್ಲಿ ಇಳಿಯುತ್ತಿದ್ದವು. ಮಕ್ಕಳು ದಿನಕ್ಕೆರಡು ಬಾರಿ ಸಾಲಾಗಿ ನಿಂತು, ಮುಂದಾಳು ಹೇಳಿದಂತೆ ಮಗ್ಗಿ, ಭಿನ್ನರಾಶಿ, ಅಳತೆ-ತೂಕಗಳನ್ನು ಒಪ್ಪಿಸುತ್ತಿದ್ದರು.

ನಾಲ್ಕರ ಕ್ರಮವೆಂದರೆ ಕಾಲು, ಅದರ ಕಾಲು ವೀಸ, ವೀಸದ ಕಾಲು ಕಾಣಿ. ಒಂದು ವೀಸ ಹದಿನಾರರಲ್ಲಿ ಒಂದು ಪಾಲು. ಒಂದು ಕಾಣಿ ಅರವತ್ತನಾಲ್ಕರಲ್ಲಿ ಒಂದು ಪಾಲು. 4, 16, 64 ಈ ಮೂರನ್ನೂ ಭಾಗಿಸುವ ಅವಿಭಾಜ್ಯ ಸಂಖ್ಯೆ ಎರಡು ಮಾತ್ರ. ಕಾಳಿನ ರಾಶಿಯನ್ನು ಅಳತೆಗೋಲಿಲ್ಲದೆಯೂ ಅರ್ಧ, ಮತ್ತೆ ಅರ್ಧ ಮಾಡಬಹುದಾದ್ದರಿಂದ ಈ ಕ್ರಮ ವ್ಯವಹಾರಕ್ಕೆ ಒಗ್ಗುತ್ತದೆ. ಆದರೆ ಮೂವರು ಅಣ್ಣತಮ್ಮಂದಿರ ಪಾಲಿನ ಪ್ರಶ್ನೆ ಬಂದಾಗ ಅದು ಸೋಲುತ್ತದೆ. ಮೂರನೆಯ ಒಂದು ಪಾಲಿಗೆ ಕಾಲು, ವೀಸ, ಕಾಣಿಗಳನ್ನು ಒಂದೊಂದಾಗಿ ಕೂಡಿದರೂ 21 ಕಾಣಿಗಳಷ್ಟೇ ಆಗುತ್ತವೆ. ಕಾಣಿಯ ಮೂರನೆಯ ಒಂದಂಶ ಕೊರತೆ ಉಳಿಯುತ್ತದೆ. ಕಾಲುಗಳನ್ನು ಎಷ್ಟು ದೂರ ಇಳಿಸಿದರೂ ಈ ಕೊರತೆ ಕಿರಿದಾಗುವುದೇ ಹೊರತು ತೀರದು.

ಈ ತೊಡಕಿಗೆ ಶಾಸ್ತ್ರದ ಪರಿಹಾರ ಕನ್ನಡನಾಡಿನಲ್ಲಿಯೇ ಬಹು ಹಿಂದೆ ದೊರೆತಿತ್ತು. ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ವು ಭಿನ್ನರಾಶಿಗಳನ್ನು ಕೂಡಲು ಛೇದಗಳ ‘ನಿರುದ್ಧ’ವನ್ನು, ಅಂದರೆ ಲಘುತಮ ಸಾಮಾನ್ಯ ಅಪವರ್ತ್ಯವನ್ನು, ಕಂಡುಹಿಡಿಯುವ ವಿಧಾನವನ್ನು ಹೇಳುತ್ತದೆ. 64 ಮತ್ತು 3ರ ನಿರುದ್ಧ 192. 1835ರ ನಾಣ್ಯವ್ಯವಸ್ಥೆಯಲ್ಲಿ ರೂಪಾಯಿಗೆ 16 ಆಣೆ, 64 ಪೈಸೆ, 192 ಪೈ ಎಂದಾದಾಗ ಇದೇ ಸಂಖ್ಯೆ ಬಳಕೆಯಲ್ಲಿ ನೆಲೆಗೊಂಡಿತು. ಮೂರನೆಯ ಒಂದು ಪಾಲು ಐದಾಣೆ ನಾಲ್ಕು ಪೈ. ಲೆಕ್ಕ ಉಳಿಕೆಯಿಲ್ಲದೆ ತೀರುತ್ತದೆ.

ಕ್ಯಾಂಬೆಲ್ ವಿವರಿಸಿದ ಪಾಠಕ್ರಮದಲ್ಲಿ ಅವಿಭಾಜ್ಯ ಸಂಖ್ಯೆಯ ಹೆಸರಿಲ್ಲ. ಆದರೂ ಅದನ್ನು ಗುರುತಿಸುವ ಸಾಧನ ಮಗ್ಗಿಯಲ್ಲಿಯೇ ಇದೆ. ಮಗ್ಗಿಯೆಂದರೆ ಅಪವರ್ತ್ಯಗಳ ಸಾಲು. ಅದನ್ನು ಹಿಂದುಮುಂದಾಗಿ ಓದಿದರೆ ಅಪವರ್ತನ ದೊರೆಯುತ್ತದೆ. ಹದಿಮೂರರ ಮಗ್ಗಿಯ 130 ಮತ್ತು 91 ಕೂಡಿದರೆ 221. ಆದ್ದರಿಂದ 221 ಎಂಬುದು 13 ಮತ್ತು 17ರ ಗುಣಲಬ್ಧ. 223 ಮಾತ್ರ 2, 3, 5, 7, 11, 13 ಇವುಗಳ ಯಾವ ಮಗ್ಗಿಗೂ ಸಿಗದು. ಮುಂದಿನ ಅವಿಭಾಜ್ಯವಾದ 17ರ ವರ್ಗ 289 ಆಗಿ 223ನ್ನು ಮೀರುವುದರಿಂದ ಪರೀಕ್ಷೆ ಅಲ್ಲಿಗೇ ಮುಗಿಯುತ್ತದೆ. 223 ಅವಿಭಾಜ್ಯ.

1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಜಾರಿಗೆ ಬಂದಿತು. 192ಕ್ಕೆ 14 ಅಪವರ್ತನಗಳಿದ್ದರೆ 100ಕ್ಕೆ ಒಂಬತ್ತೇ. ಅವುಗಳಲ್ಲಿ ಮೂರು ಇಲ್ಲ. ಬರವಣಿಗೆಯ ಲೆಕ್ಕ ಸುಲಭವಾಯಿತು ನಿಜ, ಆದರೆ ಪಾಲಿನ ಭಾಷೆಯೊಂದು ಬಳಕೆಯಿಂದ ಸರಿಯಿತು. ಆಣೆ-ಪೈಗಳ ಬಾಯಿಲೆಕ್ಕವನ್ನು ಶಾಲೆಯಲ್ಲಿ ಕಲಿತವರು ಇಂದು ಎಪ್ಪತ್ತೈದರ ಆಸುಪಾಸಿನಲ್ಲಿ ಅಥವಾ ಅದನ್ನು ದಾಟಿದವರು. ವೀಸ, ಕಾಣಿಗಳ ಲೆಕ್ಕವಿರುವ ಹಳೆಯ ಕಡತಗಳನ್ನು ಓದಲು ಅವರ ನೆನಪು ಒಂದು ಕೀಲಿಕೈ. ಹಡಗಲಿ, ಕೂಡ್ಲಿಗಿ, ಹರಪನಹಳ್ಳಿ ಸೀಮೆಗಳ ಮಗ್ಗಿಯ ಪಾಠಗಳನ್ನು ಅವುಗಳ ಉಚ್ಚಾರದೊಡನೆ ಧ್ವನಿಮುದ್ರಿಸುವ ಕಾರ್ಯ ಜಾನಪದ ಅಧ್ಯಯನದ ಮುಂದಿದ್ದು, ಅದಕ್ಕೆ ಉಳಿದಿರುವ ಕಾಲಾವಕಾಶ ಕಡಿಮೆ.