ದಂತ ಇಂಪ್ಲಾಂಟ್ ಚಿಕಿತ್ಸೆ: ಸಾರ್ವಜನಿಕರ ತಿಳುವಳಿಕೆಗಾಗಿ ಮಾಹಿತಿ

1. ಪೀಠಿಕೆ

ಹಲ್ಲು ಕಳೆದುಕೊಂಡವರಿಗೆ ಬದಲಿ ಹಲ್ಲು ಅಳವಡಿಸಲು ಹಲವು ವಿಧಾನಗಳು ಲಭ್ಯವಿರುತ್ತವೆ. ಇವುಗಳ ಪೈಕಿ ದಂತ ಇಂಪ್ಲಾಂಟ್ ಚಿಕಿತ್ಸೆಯ ಬಗ್ಗೆ ಸಾರ್ವಜನಿಕರಲ್ಲಿ ಆಸಕ್ತಿಯ ಜೊತೆಗೆ ಕೆಲವು ತಪ್ಪು ಗ್ರಹಿಕೆಗಳೂ ಇರುತ್ತವೆ. ಉಚಿತ ದಂತಪಂಕ್ತಿ ಯೋಜನೆಯಡಿ ಇಂಪ್ಲಾಂಟ್ ದೊರೆಯುತ್ತದೆಂದು ನಿರೀಕ್ಷಿಸುವುದು, ಇಂಪ್ಲಾಂಟ್ ಹಾಕಿಸಿದ ಮೇಲೆ ಆರೈಕೆ ಬೇಡವೆಂದು ಭಾವಿಸುವುದು, ಒಟ್ಟು ವೆಚ್ಚ ತಿಳಿಯದೆ ಸಾಲ ಮಾಡಿ ಚಿಕಿತ್ಸೆ ಆರಂಭಿಸಿ ನಡುವೆಯೇ ನಿಲ್ಲಿಸುವುದು ಇವುಗಳಲ್ಲಿ ಮುಖ್ಯವಾದವು. ಆದ್ದರಿಂದ ಚಿಕಿತ್ಸೆಗೆ ಒಪ್ಪಿಗೆ ನೀಡುವ ಮುನ್ನ ನಾಗರಿಕರು ತಿಳಿದಿರಬೇಕಾದ ಅಂಶಗಳನ್ನು ಈ ಪುಟದಲ್ಲಿ ನೀಡಲಾಗಿದೆ.

2. ದಂತ ಇಂಪ್ಲಾಂಟ್ ಎಂದರೇನು?

ಇಂಪ್ಲಾಂಟ್ ಎಂಬುದು ಹಲ್ಲಲ್ಲ. ಹಲ್ಲಿನ ಬೇರಿನ ಬದಲಿಗೆ ದವಡೆ ಮೂಳೆಯೊಳಗೆ ಕೂರಿಸುವ ಸಣ್ಣ ತಿರುಪು. ಇದನ್ನು ಸಾಮಾನ್ಯವಾಗಿ ಟೈಟಾನಿಯಂ ಲೋಹದಿಂದ ತಯಾರಿಸಲಾಗುತ್ತದೆ. ಪೂರ್ಣ ಚಿಕಿತ್ಸೆಯಲ್ಲಿ ಮೂರು ಭಾಗಗಳಿರುತ್ತವೆ:

(ಅ) ಮೂಳೆಯೊಳಗಿನ ತಿರುಪು
(ಆ) ತಿರುಪಿನ ಮೇಲೆ ಕೂರಿಸುವ ಜೋಡಣೆಯ ಭಾಗ
(ಇ) ಹೊರಗೆ ಕಾಣುವ ಹಲ್ಲು, ಅಂದರೆ ಕ್ಯಾಪ್

ಸ್ವೀಡನ್ ದೇಶದ ಸಂಶೋಧಕ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಅವರು 1952ರಲ್ಲಿ ಮೊಲದ ಕಾಲಿನ ಮೂಳೆಯಲ್ಲಿ ರಕ್ತ ಸಂಚಾರದ ಅಧ್ಯಯನ ನಡೆಸುತ್ತಿದ್ದಾಗ, ಒಳಗಿರಿಸಿದ್ದ ಟೈಟಾನಿಯಂ ಸಾಧನವು ಮೂಳೆಯೊಂದಿಗೆ ಬಿಡಿಸಲಾಗದಂತೆ ಬೆಸೆದುಕೊಂಡಿದ್ದನ್ನು ಗಮನಿಸಿದರು. ಇದೇ ಗುಣವನ್ನು ಆಧರಿಸಿ 1965ರಲ್ಲಿ ಅವರು ಮೊದಲ ರೋಗಿಗೆ ಈ ಚಿಕಿತ್ಸೆ ನೀಡಿದರು. ಆ ರೋಗಿಯು 2006ರಲ್ಲಿ ನಿಧನ ಹೊಂದುವವರೆಗೆ, ಅಂದರೆ ಸುಮಾರು 40 ವರ್ಷಗಳ ಕಾಲ, ಆ ಇಂಪ್ಲಾಂಟ್‌ಗಳು ಉಪಯೋಗದಲ್ಲಿದ್ದವು.

3. ಚಿಕಿತ್ಸೆಯ ಹಂತಗಳು

(ಅ) ಪರೀಕ್ಷೆ: ಬಾಯಿಯ ಪರೀಕ್ಷೆ, ಕ್ಷಕಿರಣ ಚಿತ್ರ ಹಾಗೂ ಅಗತ್ಯವಿದ್ದಲ್ಲಿ ಮೂರು ಆಯಾಮದ ಸ್ಕ್ಯಾನ್ ಮಾಡಲಾಗುತ್ತದೆ. ಮೂಳೆಯ ಎತ್ತರ ಮತ್ತು ಅಗಲ, ಕೆಳದವಡೆಯ ನರ ಹಾಗೂ ಮೇಲ್ದವಡೆಯ ಮೇಲಿರುವ ಸೈನಸ್ ಕುಹರ ಎಷ್ಟು ದೂರದಲ್ಲಿವೆ ಎಂಬುದನ್ನು ಇದರಿಂದ ಅಳೆಯಲಾಗುತ್ತದೆ. ಈ ಅಳತೆ ತಪ್ಪಿದಲ್ಲಿ ತುಟಿ ಮತ್ತು ಗಲ್ಲದ ಸ್ಪರ್ಶಜ್ಞಾನಕ್ಕೆ ಹಾನಿಯಾಗುವ ಸಾಧ್ಯತೆ ಇರುತ್ತದೆ.

(ಆ) ಶಸ್ತ್ರಚಿಕಿತ್ಸೆ: ಸ್ಥಳೀಯ ಅರಿವಳಿಕೆ ನೀಡಿ ಮೂಳೆಯಲ್ಲಿ ರಂಧ್ರ ಕೊರೆದು ತಿರುಪನ್ನು ಕೂರಿಸಲಾಗುತ್ತದೆ.

(ಇ) ಕಾಯುವ ಅವಧಿ: ಮೂಳೆಯು ತಿರುಪಿನೊಂದಿಗೆ ಬೆಸೆದುಕೊಳ್ಳಲು ರೂಢಿಯ ವಿಧಾನದಲ್ಲಿ ಕೆಳದವಡೆಯಲ್ಲಿ ಸುಮಾರು 3 ತಿಂಗಳು, ಮೂಳೆ ಮೃದುವಾಗಿರುವ ಮೇಲ್ದವಡೆಯಲ್ಲಿ 6 ತಿಂಗಳವರೆಗೆ ಬೇಕಾಗುತ್ತದೆ. ಕೆಲವು ಪ್ರಕರಣಗಳಲ್ಲಿ ಬೇಗನೆ ತಾತ್ಕಾಲಿಕ ಹಲ್ಲು ಕೂರಿಸುವುದುಂಟು. ಆದರೆ "ಒಂದೇ ದಿನದಲ್ಲಿ ಹಲ್ಲು" ಎಂಬ ಜಾಹೀರಾತು ಎಲ್ಲರಿಗೂ ಅನ್ವಯಿಸುವುದಿಲ್ಲ.

(ಈ) ಹಲ್ಲು ಅಳವಡಿಕೆ: ಮೂಳೆ ಬೆಸೆದುಕೊಂಡಿರುವುದನ್ನು ಖಚಿತಪಡಿಸಿಕೊಂಡ ನಂತರ ಅಳತೆ ತೆಗೆದು ಕ್ಯಾಪ್ ಕೂರಿಸಲಾಗುತ್ತದೆ.

ಹಲ್ಲು ಕಿತ್ತ ಜಾಗದಲ್ಲಿ ಮೂಳೆಯು ಕ್ರಮೇಣ ಕರಗುತ್ತದೆ. ಮೊದಲ ಒಂದು ವರ್ಷದಲ್ಲಿ ಅಗಲವು ಸುಮಾರು ಅರ್ಧದಷ್ಟು ಕಡಿಮೆಯಾಗಬಹುದು. ಇದರ ಹೆಚ್ಚಿನ ಭಾಗ ಮೊದಲ 3 ತಿಂಗಳಲ್ಲೇ ಸಂಭವಿಸುತ್ತದೆ. ಆದ್ದರಿಂದ ಹಲ್ಲು ಕೀಳಿಸುವ ದಿನವೇ ಬದಲಿ ಹಲ್ಲಿನ ಬಗ್ಗೆ ವೈದ್ಯರೊಂದಿಗೆ ಚರ್ಚಿಸುವುದು ಸೂಕ್ತ. ಮೂಳೆ ಸಾಲದಿದ್ದಲ್ಲಿ ಮೂಳೆ ಕಸಿ ಮಾಡಬೇಕಾಗಬಹುದು. ಇದರಿಂದ ಚಿಕಿತ್ಸೆಯ ಅವಧಿ ಮತ್ತು ವೆಚ್ಚ ಎರಡೂ ಹೆಚ್ಚುತ್ತವೆ.

4. ವಿಶೇಷ ಎಚ್ಚರಿಕೆ ವಹಿಸಬೇಕಾದವರು

ವಯಸ್ಸಾಗಿದೆ ಎಂಬ ಒಂದೇ ಕಾರಣಕ್ಕೆ ಈ ಚಿಕಿತ್ಸೆಯನ್ನು ನಿರಾಕರಿಸುವಂತಿಲ್ಲ. ಆದರೆ ದವಡೆಯ ಬೆಳವಣಿಗೆ ಪೂರ್ಣಗೊಳ್ಳದ ಮಕ್ಕಳಿಗೆ ಸಾಮಾನ್ಯವಾಗಿ ಇದನ್ನು ಮಾಡುವುದಿಲ್ಲ. ಕೆಳಕಂಡವರು ತಮ್ಮ ಆರೋಗ್ಯ ಸ್ಥಿತಿಯನ್ನು ವೈದ್ಯರಿಗೆ ಮುಂಚಿತವಾಗಿ ತಿಳಿಸತಕ್ಕದ್ದು:

(ಅ) ಮಧುಮೇಹ ಇರುವವರು. ಸಕ್ಕರೆ ಪ್ರಮಾಣ ಹತೋಟಿಯಲ್ಲಿದ್ದಲ್ಲಿ ಚಿಕಿತ್ಸೆ ಸಾಧ್ಯ. ಹತೋಟಿಯಲ್ಲಿಲ್ಲದಿದ್ದಲ್ಲಿ ಗಾಯ ಮಾಯುವುದು ನಿಧಾನವಾಗಿ ಸೋಂಕಿನ ಭಯ ಹೆಚ್ಚುತ್ತದೆ.
(ಆ) ಬೀಡಿ, ಸಿಗರೇಟು ಸೇದುವವರು. ಇವರಲ್ಲಿ ಇಂಪ್ಲಾಂಟ್ ವಿಫಲವಾಗುವ ಸಂಭವ ಹೆಚ್ಚು.
(ಇ) ಗುಟ್ಕಾ, ಅಡಿಕೆ, ಹೊಗೆಸೊಪ್ಪು ಅಗಿಯುವವರು. ಅಡಿಕೆಯ ಸೇವನೆಯಿಂದ ಬಾಯಿಯ ಒಳಪದರ ಬಿಗಿದು ಬಾಯಿ ತೆರೆಯುವುದೇ ಕಷ್ಟವಾಗುವ ಕಾಯಿಲೆ ಬರುತ್ತದೆ. ಬಾಯಿ ಸಾಕಷ್ಟು ತೆರೆಯದಿದ್ದಲ್ಲಿ ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ಬಳಸಲಾಗುವುದಿಲ್ಲ. ಈ ಕಾಯಿಲೆಯು ಕ್ಯಾನ್ಸರ್‌ಗೆ ತಿರುಗುವ ಸಾಧ್ಯತೆಯೂ ಇರುವುದರಿಂದ ಮೊದಲು ಅದರ ತಪಾಸಣೆ ಅಗತ್ಯ.
(ಈ) ವಸಡಿನ ರೋಗ ಇರುವವರು. ಇದಕ್ಕೆ ಮೊದಲು ಚಿಕಿತ್ಸೆ ಪಡೆಯತಕ್ಕದ್ದು.
(ಉ) ಮೂಳೆ ಸವೆತಕ್ಕೆ ಅಥವಾ ಮೂಳೆಗೆ ಹರಡಿದ ಕ್ಯಾನ್ಸರ್‌ಗೆ ಔಷಧ, ಚುಚ್ಚುಮದ್ದು ಪಡೆಯುತ್ತಿರುವವರು, ತಲೆ ಮತ್ತು ಕತ್ತಿನ ಭಾಗಕ್ಕೆ ವಿಕಿರಣ ಚಿಕಿತ್ಸೆ ಪಡೆದವರು, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿರುವವರು. ವೈದ್ಯರ ಸಲಹೆ ಇಲ್ಲದೆ ಯಾವುದೇ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು.

5. ಇತರ ವಿಧಾನಗಳು

ಬ್ರಿಡ್ಜ್: ಅಕ್ಕಪಕ್ಕದ ಹಲ್ಲುಗಳನ್ನು ಆಧಾರವಾಗಿಸಿ ನಡುವಿನ ಹಲ್ಲನ್ನು ಜೋಡಿಸಲಾಗುತ್ತದೆ. ದವಡೆ ಮೂಳೆಯನ್ನು ಕೊರೆಯುವ ಅಗತ್ಯವಿಲ್ಲ, ಕೆಲವು ವಾರಗಳಲ್ಲಿ ಮುಗಿಯುತ್ತದೆ. ಆದರೆ ಆರೋಗ್ಯವಂತ ಹಲ್ಲುಗಳನ್ನು ಉಜ್ಜಿ ಸಣ್ಣದಾಗಿಸಬೇಕಾಗುತ್ತದೆ.

ತೆಗೆದು ಹಾಕಿಕೊಳ್ಳುವ ಹಲ್ಲಿನ ಸೆಟ್: ವೆಚ್ಚ ಕಡಿಮೆ. ಮೂಳೆ ಕರಗಿದಂತೆ ಸಡಿಲವಾಗುವುದರಿಂದ ಕೆಲವು ವರ್ಷಗಳಿಗೊಮ್ಮೆ ಸರಿಪಡಿಸಬೇಕಾಗುತ್ತದೆ. ಸರಿಯಾಗಿ ಅಳತೆ ತೆಗೆದು ಮಾಡಿದ ಸೆಟ್‌ನಿಂದ ಊಟಕ್ಕೂ ಮಾತಿಗೂ ಅನುಕೂಲವಾಗುತ್ತದೆ. ಇದನ್ನು ಕೀಳು ದರ್ಜೆಯ ಚಿಕಿತ್ಸೆ ಎಂದು ಭಾವಿಸುವ ಅಗತ್ಯವಿಲ್ಲ.

ಇಂಪ್ಲಾಂಟ್ ಆಧಾರಿತ ಸೆಟ್: ಎಲ್ಲಾ ಹಲ್ಲು ಕಳೆದುಕೊಂಡವರಿಗೆ ಹಲ್ಲಿಗೊಂದರಂತೆ ಇಂಪ್ಲಾಂಟ್ ಬೇಕಾಗುವುದಿಲ್ಲ. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು, ಕೆಳದವಡೆಯ ಪೂರ್ಣ ಸೆಟ್ ಭದ್ರವಾಗಿ ನಿಲ್ಲಲು ಎರಡು ಇಂಪ್ಲಾಂಟ್‌ಗಳ ಆಧಾರವನ್ನು ಮೊದಲ ಆಯ್ಕೆಯಾಗಿ ಸೂಚಿಸಿರುತ್ತಾರೆ. ಹೆಚ್ಚಿನ ಸಂಖ್ಯೆಯ ಇಂಪ್ಲಾಂಟ್ ಸೂಚಿಸಿದಲ್ಲಿ ಅದಕ್ಕೆ ಕಾರಣ ಕೇಳುವ ಹಕ್ಕು ರೋಗಿಗೆ ಇರುತ್ತದೆ.

6. ಒಪ್ಪಿಗೆ ನೀಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು

(ಅ) ತಿಳಿಸಿದ ಮೊತ್ತವು ತಿರುಪಿಗೆ ಮಾತ್ರವೇ ಅಥವಾ ಸ್ಕ್ಯಾನ್, ಜೋಡಣೆಯ ಭಾಗ, ಕ್ಯಾಪ್, ಮೂಳೆ ಕಸಿ ಎಲ್ಲವೂ ಸೇರಿದೆಯೇ? ಅಂದಾಜು ವೆಚ್ಚವನ್ನು ಲಿಖಿತವಾಗಿ ಪಡೆಯುವುದು.
(ಆ) ಚಿಕಿತ್ಸೆ ನೀಡುವವರು ರಾಜ್ಯ ದಂತ ವೈದ್ಯ ಪರಿಷತ್ತಿನಲ್ಲಿ ನೋಂದಾಯಿತರೇ? ಇಂಪ್ಲಾಂಟ್ ಚಿಕಿತ್ಸೆಯಲ್ಲಿ ತರಬೇತಿ ಪಡೆದಿರುವರೇ?
(ಇ) ನನ್ನ ಪ್ರಕರಣದಲ್ಲಿ ಬ್ರಿಡ್ಜ್ ಅಥವಾ ಸೆಟ್ ಏಕೆ ಸೂಕ್ತವಲ್ಲ?
(ಈ) ಇಂಪ್ಲಾಂಟ್ ಬೆಸೆಯದಿದ್ದಲ್ಲಿ ಮರುಚಿಕಿತ್ಸೆಯ ವೆಚ್ಚ ಯಾರದು?
(ಉ) ಇಂಪ್ಲಾಂಟ್‌ನ ತಯಾರಕರ ಹೆಸರು, ಅಳತೆ ಮತ್ತು ತಂಡದ ಸಂಖ್ಯೆ ಇರುವ ಚೀಟಿಯನ್ನು ನೀಡುವಿರಾ? ಮುಂದೆ ಬೇರೆ ಊರಿನಲ್ಲಿ ದುರಸ್ತಿ ಮಾಡಿಸಬೇಕಾದಲ್ಲಿ ಈ ಚೀಟಿ ಅತ್ಯಗತ್ಯ.

ಆರೋಗ್ಯ ವಿಮೆ ಇರುವವರು ಪಾಲಿಸಿಯ ಷರತ್ತುಗಳನ್ನು ಮೊದಲೇ ಪರಿಶೀಲಿಸತಕ್ಕದ್ದು. ಹಲವು ಪಾಲಿಸಿಗಳಲ್ಲಿ ಅಪಘಾತದ ಸಂದರ್ಭ ಹೊರತುಪಡಿಸಿ ದಂತ ಚಿಕಿತ್ಸೆಯ ವೆಚ್ಚ ಸೇರಿರುವುದಿಲ್ಲ.

7. ಸರ್ಕಾರದ ಸೌಲಭ್ಯಗಳು

ರಾಜ್ಯ ಸರ್ಕಾರವು 2014-15ನೇ ಸಾಲಿನಲ್ಲಿ ದಂತ ಭಾಗ್ಯ ಯೋಜನೆಯನ್ನು ಆರಂಭಿಸಿತು. ಬಡತನ ರೇಖೆಗಿಂತ ಕೆಳಗಿರುವ ಕುಟುಂಬಗಳ ಹಿರಿಯರಿಗೆ ಉಚಿತವಾಗಿ ಕೃತಕ ದಂತಪಂಕ್ತಿ ಒದಗಿಸುವುದು ಇದರ ಉದ್ದೇಶ. ಈ ಯೋಜನೆಯ ದಂತಪಂಕ್ತಿ ತೆಗೆದು ಹಾಕಿಕೊಳ್ಳುವ ಸೆಟ್ ಆಗಿದ್ದು, ಇಂಪ್ಲಾಂಟ್ ಅಲ್ಲ ಎಂಬುದನ್ನು ಅರ್ಜಿದಾರರು ಗಮನಿಸತಕ್ಕದ್ದು. ಜಾರಿಯಲ್ಲಿರುವ ವಯೋಮಿತಿ ಮತ್ತು ಷರತ್ತುಗಳನ್ನು ಹತ್ತಿರದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಿ, ಹೋಗುವಾಗ ಪಡಿತರ ಚೀಟಿ, ಆಧಾರ್ ಮತ್ತು ವಯಸ್ಸಿನ ದಾಖಲೆಯನ್ನು ಜೊತೆಗೊಯ್ಯುವುದು.

ತಜ್ಞರ ಅಭಿಪ್ರಾಯ ಬೇಕಾದವರು ಬೆಂಗಳೂರು ಹಾಗೂ ಬಳ್ಳಾರಿಯಲ್ಲಿರುವ ಸರ್ಕಾರಿ ದಂತ ವೈದ್ಯಕೀಯ ಮಹಾವಿದ್ಯಾಲಯಗಳ ಹೊರರೋಗಿ ವಿಭಾಗವನ್ನು ಸಂಪರ್ಕಿಸಬಹುದು.

8. ಚಿಕಿತ್ಸೆಯ ನಂತರದ ಆರೈಕೆ

ಹತ್ತು ವರ್ಷಗಳ ನಂತರವೂ ನೂರಕ್ಕೆ ಸುಮಾರು 95 ಇಂಪ್ಲಾಂಟ್‌ಗಳು ಉಳಿದಿರುತ್ತವೆ ಎಂದು ಅಧ್ಯಯನಗಳು ತಿಳಿಸುತ್ತವೆ. ಆದರೆ ಈ ಫಲಿತಾಂಶವು ಆರೈಕೆಯನ್ನು ಅವಲಂಬಿಸಿರುತ್ತದೆ. ಇಂಪ್ಲಾಂಟ್‌ಗೆ ಹುಳುಕು ಹಿಡಿಯುವುದಿಲ್ಲವಾದರೂ ಸುತ್ತಲಿನ ವಸಡು ಮತ್ತು ಮೂಳೆಗೆ ಸೋಂಕು ತಗಲುತ್ತದೆ. ಇದು ಆರಂಭದಲ್ಲಿ ನೋವು ಕೊಡದೇ ಇರುವುದರಿಂದ ಅರಿವಿಗೆ ಬರುವಷ್ಟರಲ್ಲಿ ಮೂಳೆ ಕರಗಿರಬಹುದು. ದಿನಕ್ಕೆ ಎರಡು ಬಾರಿ ಹಲ್ಲುಜ್ಜುವುದು, ಸಂದುಗಳನ್ನು ಶುಚಿಗೊಳಿಸುವುದು ಮತ್ತು ವೈದ್ಯರು ಸೂಚಿಸಿದ ಅವಧಿಗೆ ತಪ್ಪದೆ ತಪಾಸಣೆ ಮಾಡಿಸುವುದು ಕಡ್ಡಾಯ. ವಸಡಿನಲ್ಲಿ ರಕ್ತ, ಕೀವು ಅಥವಾ ಅಲುಗಾಟ ಕಂಡುಬಂದಲ್ಲಿ ಕೂಡಲೇ ವೈದ್ಯರನ್ನು ಕಾಣತಕ್ಕದ್ದು.

9. ದೂರು ಸಲ್ಲಿಸುವ ವಿಧಾನ

ಖಾಸಗಿ ದಂತ ಚಿಕಿತ್ಸಾಲಯಗಳು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರ ವ್ಯಾಪ್ತಿಗೆ ಬರುತ್ತವೆ. ನೋಂದಣಿ, ದರ ಪ್ರದರ್ಶನ ಮುಂತಾದ ವಿಷಯಗಳ ದೂರನ್ನು ಜಿಲ್ಲಾ ಮಟ್ಟದ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರಕ್ಕೆ ಸಲ್ಲಿಸಬಹುದು. ಹಣ ಪಾವತಿಸಿ ಪಡೆದ ಚಿಕಿತ್ಸೆಯು ಗ್ರಾಹಕ ಸಂರಕ್ಷಣಾ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಪು ನೀಡಿರುತ್ತದೆ. ಸೇವಾ ನ್ಯೂನತೆಯ ಬಗ್ಗೆ ದೂರಿಗೆ ಕಾರಣ ಉಂಟಾದ ದಿನದಿಂದ 2 ವರ್ಷಗಳ ಒಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸತಕ್ಕದ್ದು. ರಸೀದಿ, ಲಿಖಿತ ಅಂದಾಜು, ಕ್ಷಕಿರಣ ಚಿತ್ರಗಳು ಮತ್ತು ಒಪ್ಪಿಗೆ ಪತ್ರದ ಪ್ರತಿಯನ್ನು ಜೋಪಾನವಾಗಿ ಇರಿಸಿಕೊಳ್ಳುವುದು.

10. ಸೂಚನೆ

ಇಂಪ್ಲಾಂಟ್ ತುರ್ತು ಚಿಕಿತ್ಸೆಯಲ್ಲ. ಒಂದೆರಡು ವಾರ ಆಲೋಚಿಸಿ, ಎರಡನೇ ವೈದ್ಯರ ಅಭಿಪ್ರಾಯ ಪಡೆದು, ಒಟ್ಟು ವೆಚ್ಚವನ್ನು ಕುಟುಂಬದವರೊಂದಿಗೆ ಲೆಕ್ಕ ಹಾಕಿ ತೀರ್ಮಾನಿಸುವುದರಿಂದ ಸಾಮಾನ್ಯವಾಗಿ ನಷ್ಟವಿಲ್ಲ. ಸಾಲ ಮಾಡಿ ಅರ್ಧಕ್ಕೆ ನಿಲ್ಲಿಸಿದ ಇಂಪ್ಲಾಂಟ್‌ಗಿಂತ, ಸರಿಯಾಗಿ ಹೊಂದುವ ಹಲ್ಲಿನ ಸೆಟ್ ಹೆಚ್ಚು ಉಪಯುಕ್ತ. ಈ ಪುಟದ ಮಾಹಿತಿಯು ಸಾಮಾನ್ಯ ತಿಳುವಳಿಕೆಗಾಗಿ ಮಾತ್ರವಾಗಿದ್ದು, ವೈದ್ಯರ ಪರೀಕ್ಷೆ ಮತ್ತು ಸಲಹೆಗೆ ಬದಲಿಯಾಗಿರುವುದಿಲ್ಲ.