ಜಿಪಿಎ ಇದ್ದರೆ ಜಮೀನು ನಮ್ಮದಾಯಿತೇ? ಮುಖ್ತ್ಯಾರ ಪತ್ರದ ಹಿಂದಿನ ಕಥೆ

ಸುದ್ದಿಗೆಂದು ಸಬ್ ರಿಜಿಸ್ಟ್ರಾರ್ ಕಚೇರಿ ಮುಂದೆ ನಿಂತಾಗಲೆಲ್ಲ ನಮ್ಮ ಕಿವಿಗೆ ಒಂದು ಮಾತು ಬೀಳುತ್ತದೆ: "ಜಿಪಿಎ ಮಾಡಿಸ್ಕೊಂಡಿದೀನಿ, ಸೈಟು ನಂದೇ." ದುಡ್ಡು ಪೂರ್ತಿ ಕೊಟ್ಟಾಗಿದೆ, ಮನೆಯೂ ಎದ್ದಿದೆ. ಕ್ರಯಪತ್ರ ಮಾತ್ರ ಇಲ್ಲ. ಈ ನಂಬಿಕೆ ಬೆಳೆದದ್ದು ಹೇಗೆ?

ಹಿರಿಯರು ಈ ಕಾಗದಕ್ಕೆ ಮುಖ್ತ್ಯಾರ ಪತ್ರ ಎನ್ನುತ್ತಿದ್ದರು. ಮುಖ್ತ್ಯಾರ ಎಂದರೆ ಇನ್ನೊಬ್ಬರ ಪರವಾಗಿ ಕೆಲಸ ನಡೆಸುವವನು. ಬ್ರಿಟಿಷರ ಕಾಲದಲ್ಲಿ ಕಕ್ಷಿದಾರರ ಪರ ಕೋರ್ಟಿನ ಕೆಲಸ ನೋಡುವ ಮುಖ್ತ್ಯಾರರೇ ಇದ್ದರು. ವಕೀಲಿ ವೃತ್ತಿ ಕುರಿತ 1879ರ ಕಾಯ್ದೆಯಲ್ಲಿ ಅವರ ಹೆಸರಿದೆ.

1882ರಲ್ಲಿ ಬ್ರಿಟಿಷ್ ಸರ್ಕಾರ ಎರಡು ಕಾಯ್ದೆ ತಂದಿತು. ಒಂದು ಅಧಿಕಾರ ಪತ್ರದ್ದು, ಇನ್ನೊಂದು ಸ್ವತ್ತು ವರ್ಗಾವಣೆಯದು. 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರ ಸ್ವತ್ತು ಮಾರಲು ನೋಂದಾಯಿತ ಪತ್ರವೇ ಬೇಕು ಎಂದು ಎರಡನೆಯದು ಹೇಳಿತು. ಅಂದರೆ ಕೆಲಸ ವಹಿಸುವ ಕಾಗದ ಬೇರೆ, ಜಮೀನು ಮಾರುವ ಕಾಗದ ಬೇರೆ ಎಂಬುದು ಅಂದೇ ತೀರ್ಮಾನವಾಗಿತ್ತು.

ಅಧಿಕಾರ ಪತ್ರದಲ್ಲಿ ಮುಖ್ಯವಾಗಿ ಎರಡು ಬಗೆ. ಒಂದೇ ಕೆಲಸಕ್ಕೆ ಕೊಡುವುದು ಎಸ್‌ಪಿಎ. ದುಬೈನಲ್ಲಿರುವ ಮಗ ಒಂದು ಪತ್ರದ ನೋಂದಣಿಗೆ ಮಾತ್ರ ಅಪ್ಪನಿಗೆ ಅಧಿಕಾರ ಕೊಟ್ಟಂತೆ. ಹಲವು ಕೆಲಸಗಳಿಗೆ ಕೊಡುವುದು ಜಿಪಿಎ. ವಯಸ್ಸಾದ ತಾಯಿ ಜಮೀನು, ಬ್ಯಾಂಕು, ಕೋರ್ಟಿನ ವ್ಯವಹಾರವನ್ನೆಲ್ಲ ಮಗಳಿಗೆ ವಹಿಸಿದಂತೆ. ಎರಡರಲ್ಲೂ ಮಾಲೀಕರು ಕೊಟ್ಟವರೇ.

ಆಮೇಲೆ ಜನ ಇದನ್ನೇ ಮಾರಾಟಕ್ಕೆ ಬಳಸತೊಡಗಿದರು. ಛಾಪಾ ಶುಲ್ಕ ಉಳಿಯುತ್ತಿತ್ತು, ತೆರಿಗೆ ತಪ್ಪುತ್ತಿತ್ತು, ಕಪ್ಪುಹಣ ಸಾಗುತ್ತಿತ್ತು. ಮಾರಬಾರದೆಂಬ ಷರತ್ತಿದ್ದ ಸೈಟುಗಳೂ ಕೈ ಬದಲಾಯಿಸಿದವು. ಕರ್ನಾಟಕದಲ್ಲಿ ಕೃಷಿ ಜಮೀನನ್ನು ಯಾರು ಬೇಕಾದರೂ ಕೊಳ್ಳಲು 2020ರವರೆಗೆ ತಡೆಯಿತ್ತು. ಕನ್ವರ್ಷನ್ ಆಗದ ಜಮೀನಿನಲ್ಲಿ ಎದ್ದ ರೆವಿನ್ಯೂ ಸೈಟುಗಳಿಗೂ ಜಿಪಿಎ ಅಡ್ಡದಾರಿಯಾಯಿತು. ಕರಾರು ಪತ್ರ, ಜಿಪಿಎ, ಉಯಿಲು ಮೂರನ್ನೂ ಒಟ್ಟಿಗೆ ಬರೆಸಿಕೊಂಡರೆ ಮುಗಿಯಿತು ಎಂಬ ಭಾವನೆ ಬೇರೂರಿತು.

2011ರ ಅಕ್ಟೋಬರ್ 11ರಂದು ಸುಪ್ರೀಂ ಕೋರ್ಟ್, ಹರಿಯಾಣದ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಇದಕ್ಕೆ ತೆರೆ ಎಳೆಯಿತು. ಇಂಥ ಕಾಗದಗಳಿಂದ ಒಡೆತನ ಬರುವುದಿಲ್ಲ, ನೋಂದಾಯಿತ ಕ್ರಯಪತ್ರವೇ ಬೇಕು ಎಂದಿತು. ಮನೆಯವರಿಗೆ ನಿಜವಾಗಿ ಕೆಲಸ ವಹಿಸಿ ಕೊಟ್ಟ ಜಿಪಿಎಗೆ ತೊಂದರೆಯಿಲ್ಲ ಎಂದೂ ಹೇಳಿತು. ಆ ಅಧಿಕಾರ ಪಡೆದವರು ಮಾಲೀಕರ ಪರವಾಗಿ ಕ್ರಯಪತ್ರ ನೋಂದಣಿ ಮಾಡಿಸಿದರೆ ಆ ಮಾರಾಟ ನಡೆಯುತ್ತದೆ.

ಇನ್ನೊಂದು ಮಾತು ಮರೆಯಬಾರದು. 1872ರ ಕರಾರು ಕಾಯ್ದೆಯ ಪ್ರಕಾರ, ಅಧಿಕಾರ ಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಅಧಿಕಾರವೂ ಮುಗಿಯುತ್ತದೆ. ಅಧಿಕಾರ ಪಡೆದವರಿಗೆ ಆ ಸ್ವತ್ತಿನಲ್ಲಿ ಸ್ವಂತ ಹಿತಾಸಕ್ತಿ ಇದ್ದರೆ ಮಾತು ಬೇರೆ. ಆದರೆ ಅದನ್ನು ಸಾಬೀತು ಮಾಡಲು ಕೋರ್ಟು ಅಲೆಯಬೇಕಾದೀತು. ಅಷ್ಟರಲ್ಲಿ ವಾರಸುದಾರರು ಪಹಣಿಯಲ್ಲಿ ತಮ್ಮ ಹೆಸರು ಸೇರಿಸಿಕೊಂಡಿರಬಹುದು.

ನಿಮ್ಮ ಪೆಟ್ಟಿಗೆಯಲ್ಲೂ ಇಂಥ ಕಾಗದವಿದ್ದರೆ ಇವತ್ತೇ ತೆಗೆದು ನೋಡಿ. ಬರೆದುಕೊಟ್ಟವರು ಬದುಕಿದ್ದರೆ, ವಕೀಲರನ್ನು ಕೇಳಿ ಕ್ರಯಪತ್ರಕ್ಕೆ ಓಡಾಡಲು ಇದೇ ಸಮಯ.